ನಾಲಗೆಯ ಶಿಕ್ಷಣ

ಹಾಗಲಕಾಯಿಯ ಪಲ್ಯವನ್ನು ಬಡಿಸಿದೊಡನೆ ಮುಖ ಸಿಂಡರಿಸುವವರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬಿಬ್ಬರಾದರೂ ಇರುತ್ತಾರೆ. ಕೆಲವರಿಗೆ ಬದನೆಕಾಯಿ ಸೇರದು. ಕೆಲವರಿಗೆ ಬೆಂಡೆಯ ಲೋಳೆಯನ್ನು ಕಂಡರಾಗದು. ಮತ್ತೆ ಕೆಲವರು ಸಾರಿನಲ್ಲಿರುವ ಸೊಪ್ಪನ್ನೆಲ್ಲ ಹೆಕ್ಕಿ ತಟ್ಟೆಯ ಅಂಚಿಗೆ ಸರಿಸಿ ಊಟ ಮುಗಿಸುತ್ತಾರೆ. ಕಾರಣವೇನೆಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ನನ್ನ ನಾಲಗೆಯೇ ಹಾಗೆ.” ಕಣ್ಣಿನ ಬಣ್ಣ ಹುಟ್ಟಿನಿಂದ ಬಂದದ್ದು, ಅದನ್ನು ಬದಲಾಯಿಸಲಾಗದು, ನಾಲಗೆಯ ಇಷ್ಟಾನಿಷ್ಟಗಳೂ ಹಾಗೆಯೇ ಎಂಬುದು ಈ ಉತ್ತರದ ಅಭಿಪ್ರಾಯ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಪ್ರಶ್ನೆ ಹಗುರವಾದುದೆಂದು ತೋರಬಹುದು. ಆದರೆ ಅದರ ಪರಿಣಾಮ ಹಗುರವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಸೂಚನೆಗಳ ಪ್ರಕಾರ, ದಿನಕ್ಕೆ 2000 ಕಿಲೊಕ್ಯಾಲೊರಿಗಳಷ್ಟು ಆಹಾರ ಬೇಕಾದ ವ್ಯಕ್ತಿಯ ಊಟದಲ್ಲಿ ಸೊಪ್ಪು ತರಕಾರಿಗಳು 400 ಗ್ರಾಂ, ಹಣ್ಣು 100 ಗ್ರಾಂ ಇರಬೇಕು. ಇದೇ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆಯೆಂದು ಅಂದಾಜು ಮಾಡಿದೆ. ಮಧುಮೇಹಕ್ಕೆ ಕಾರಣಗಳು ಹಲವು. ಆದರೆ ಆಹಾರಕ್ರಮವು ಅವುಗಳಲ್ಲಿ ಮುಖ್ಯವಾದುದು. ತರಕಾರಿ ಒಳ್ಳೆಯದೆಂಬುದನ್ನು ಅರಿಯದವರು ಇಂದು ಯಾರೂ ಇಲ್ಲ. ಆದರೂ ವಿದ್ಯಾರ್ಥಿನಿಲಯಗಳಲ್ಲಿ ಊಟವಾದ ಮೇಲೆ ತಟ್ಟೆಗಳಲ್ಲಿ ಉಳಿಯುವುದು ತರಕಾರಿಯೇ. ಆಹಾರವನ್ನು ಸುಧಾರಿಸಿಕೊಳ್ಳಬೇಕೆಂದು ನಿಶ್ಚಯಿಸಿದವರೂ ವಾರ ಕಳೆಯುವುದರೊಳಗೆ ಹಳೆಯ ದಾರಿಗೆ ಮರಳುತ್ತಾರೆ. ಅವರಲ್ಲಿ ತಿಳಿವಳಿಕೆಗೆ ಕೊರತೆಯಿಲ್ಲ, ಕೊರತೆಯಿರುವುದು ರುಚಿಗೆ. ಇಷ್ಟವಿಲ್ಲದ ಆಹಾರವನ್ನು ಔಷಧದಂತೆ ಜೀವಮಾನವೆಲ್ಲ ನುಂಗುವುದು ಯಾರಿಗೂ ಸಾಧ್ಯವಲ್ಲ. ಆದುದರಿಂದ ಇಷ್ಟವನ್ನು ಬೆಳೆಸಿಕೊಳ್ಳಲು ಸಾಧ್ಯವೆ ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ರುಚಿ ಎಂದರೇನು?

ನಾಲಗೆಯ ಮೇಲೆ ಕಾಣುವ ಸಣ್ಣ ಉಬ್ಬುಗಳಲ್ಲಿ ರುಚಿಮೊಗ್ಗುಗಳೆಂಬ ಸೂಕ್ಷ್ಮ ರಚನೆಗಳಿವೆ. ಒಂದೊಂದು ಮೊಗ್ಗಿನಲ್ಲಿಯೂ 50ರಿಂದ 100 ಜೀವಕೋಶಗಳಿರುತ್ತವೆ. ಲಾಲಾರಸದಲ್ಲಿ ಕರಗಿದ ವಸ್ತುಗಳು ಈ ಕೋಶಗಳನ್ನು ಮುಟ್ಟಿದಾಗ ನರಗಳ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತದೆ. ಈ ಕೋಶಗಳು ಶಾಶ್ವತವಾದುವಲ್ಲ; ಒಂದೆರಡು ವಾರಗಳಲ್ಲಿ ಹಳೆಯವು ನಶಿಸಿ ಹೊಸವು ಹುಟ್ಟುತ್ತವೆ.

ನಮ್ಮ ಪೂರ್ವಿಕರು ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯವೆಂದು ಆರು ರಸಗಳನ್ನು ಎಣಿಸಿದರು. ಇಂದಿನ ವಿಜ್ಞಾನವು ಸಿಹಿ, ಹುಳಿ, ಉಪ್ಪು, ಕಹಿ ಎಂಬ ನಾಲ್ಕರೊಡನೆ, 1908ರಲ್ಲಿ ಜಪಾನಿನ ಕಿಕುನಾಎ ಇಕೆಡಾ ಎಂಬ ರಸಾಯನವಿಜ್ಞಾನಿ ಗುರುತಿಸಿದ ‘ಉಮಾಮಿ’ಯನ್ನು ಸೇರಿಸಿ ಐದು ಮೂಲರುಚಿಗಳನ್ನು ಹೇಳುತ್ತದೆ. ಖಾರವು ಈ ಲೆಕ್ಕಕ್ಕೆ ಬರುವುದಿಲ್ಲ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಎಂಬ ವಸ್ತು, ಬಿಸಿಯನ್ನೂ ನೋವನ್ನೂ ತಿಳಿಸುವ ನರಗಳನ್ನು ಕೆರಳಿಸುತ್ತದೆ. ಇದಕ್ಕೆ ಸ್ಪಂದಿಸುವ ಗ್ರಾಹಕವನ್ನು 1997ರಲ್ಲಿ ಕಂಡುಹಿಡಿದ ತಂಡದ ನಾಯಕ ಡೇವಿಡ್ ಜೂಲಿಯಸ್‌ರಿಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಖಾರವೆಂದರೆ ಒಂದು ಬಗೆಯ ನೋವು. ಆ ನೋವನ್ನೇ ನಾವು ಬಯಸಿ ತಿನ್ನುತ್ತೇವೆ ಎಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಉಪಯೋಗವಿದೆ.

ನಾವು ರುಚಿ ಎಂದು ಕರೆಯುವುದರಲ್ಲಿ ಬಹುಪಾಲು ವಾಸನೆಯದು. ಮೂಗನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ತುಣುಕು ಏಲಕ್ಕಿ ಬಾಳೆಹಣ್ಣನ್ನು ಅಗಿದು ನೋಡಿ. ಸಿಹಿ ಮಾತ್ರ ತಿಳಿಯುತ್ತದೆ; ಅದು ಬಾಳೆಹಣ್ಣೆಂದು ಹೇಳುವುದು ಕಷ್ಟ. ಮೂಗನ್ನು ಬಿಟ್ಟ ಕ್ಷಣವೇ ಹಣ್ಣಿನ ಪರಿಮಳ ಗಂಟಲಿನ ಹಿಂಭಾಗದಿಂದ ಮೂಗಿಗೇರಿ ಬಾಳೆಹಣ್ಣು ‘ಪ್ರತ್ಯಕ್ಷ’ವಾಗುತ್ತದೆ. ಸೊಪ್ಪಿನ ಹಸಿವಾಸನೆ, ಕೋಸಿನ ಗಂಧಕದ ವಾಸನೆಗಳು ನಮ್ಮನ್ನು ದೂರವಿಡುವುದೂ ಈ ಮಾರ್ಗದಿಂದಲೇ.

ಕಹಿಯ ಮೇಲಿನ ಹಗೆ

ಹಸುಗೂಸಿನ ತುಟಿಗೆ ಸಕ್ಕರೆಯ ನೀರನ್ನು ಮುಟ್ಟಿಸಿದರೆ ಅದು ಚೀಪುತ್ತದೆ. ಕಹಿಯನ್ನು ಮುಟ್ಟಿಸಿದರೆ ಮುಖ ಕಿವಿಚುತ್ತದೆ. ಇದನ್ನು ಯಾರೂ ಕಲಿಸಿದ್ದಲ್ಲ. ಸಸ್ಯಗಳಲ್ಲಿರುವ ವಿಷಗಳಲ್ಲಿ ಅನೇಕವು ಕಹಿಯಾಗಿವೆ. ಕಹಿಯನ್ನು ಉಗುಳಿದ ಪ್ರಾಣಿಗಳು ಬದುಕುವ ಸಂಭವ ಹೆಚ್ಚು. ನಾವು ಅಂಥ ಪೂರ್ವಿಕರ ಸಂತತಿ. ನಾಲಗೆಯ ಎಚ್ಚರ ಎಷ್ಟು ಸೂಕ್ಷ್ಮವೆಂದರೆ, ಸಕ್ಕರೆಯ ಅಣುಗಳು ಎಷ್ಟಿದ್ದರೆ ಸಿಹಿ ಗೊತ್ತಾಗುವುದೋ ಅದರ ಸುಮಾರು ಸಾವಿರದಲ್ಲಿ ಒಂದು ಪಾಲಿನಷ್ಟು ಕ್ವಿನೈನಿನ ಅಣುಗಳಿದ್ದರೂ ಕಹಿ ಗೊತ್ತಾಗುತ್ತದೆ.

ಕಹಿಯ ಅನುಭವ ಎಲ್ಲರಿಗೂ ಒಂದೇ ಸಮನಾಗಿಲ್ಲ. 1931ರ ಸುಮಾರಿನಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಶಾಲೆಯಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನವಿಜ್ಞಾನಿ ಫಿನೈಲ್‌ಥಯೊಕಾರ್ಬಮೈಡ್ ಎಂಬ ಪುಡಿಯನ್ನು ಸೀಸೆಗೆ ತುಂಬುತ್ತಿದ್ದಾಗ ಸ್ವಲ್ಪ ಗಾಳಿಯಲ್ಲಿ ಹಾರಿತು. ಹತ್ತಿರವಿದ್ದ ಸಹೋದ್ಯೋಗಿ “ಬಾಯೆಲ್ಲ ಕಹಿಯಾಯಿತು” ಎಂದು ದೂರಿದನು. ಫಾಕ್ಸನಿಗಾದರೋ ಏನೂ ತಿಳಿಯಲಿಲ್ಲ. ಈ ಭೇದ ವಂಶಪಾರಂಪರ್ಯವಾಗಿ ಬರುವುದೆಂದು ಬೇಗನೆ ತಿಳಿದುಬಂತು. ಇದಕ್ಕೆ ಮುಖ್ಯ ಕಾರಣವಾದ ಜೀನನ್ನು 2003ರಲ್ಲಿ ಗುರುತಿಸಲಾಯಿತು. ಕಹಿಯನ್ನು ಅರಿಯುವ ಇಂಥ ಜೀನುಗಳು ಮನುಷ್ಯನಲ್ಲಿ ಸುಮಾರು 25 ಇವೆ. ಆದುದರಿಂದ ಒಬ್ಬನಿಗೆ ಹಿತವಾದ ಕೋಸು ಇನ್ನೊಬ್ಬನಿಗೆ ಕಹಿಯಾಗಿ ತೋರಿದರೆ ಅದು ಅವನ ಹಟವೆಂದು ಗದರಿಸಕೂಡದು.

ಹಾಗಾದರೆ “ನನ್ನ ನಾಲಗೆಯೇ ಹಾಗೆ” ಎಂಬ ಮಾತು ಸರಿಯಾಯಿತಲ್ಲವೆ? ಅರ್ಧ ಮಾತ್ರ ಸರಿ. ಜನ್ಮದಿಂದ ಬರುವುದು ಪ್ರಯಾಣದ ಆರಂಭಸ್ಥಾನ, ಕೊನೆಯ ಊರಲ್ಲ.

ಕಾಫಿಯ ಸಾಕ್ಷ್ಯ

ಇದಕ್ಕೆ ಬೇಕಾದ ಸಾಕ್ಷ್ಯವು ದಿನವೂ ಬೆಳಗ್ಗೆ ನಮ್ಮ ಕೈಯಲ್ಲಿಯೇ ಇರುತ್ತದೆ. ಕಾಫಿಯ ಡಿಕಾಕ್ಷನ್ನು ಕಹಿಯಾದ ದ್ರವ. ಯಾವ ಮಗುವೂ ಅದನ್ನು ಮೊದಲ ಗುಟುಕಿನಲ್ಲಿಯೇ ಮೆಚ್ಚುವುದಿಲ್ಲ. ಆದರೂ ಹಾಗಲಕಾಯಿಯ ಕಹಿಯನ್ನು ಸಹಿಸಲಾರೆನೆನ್ನುವ ವಿದ್ಯಾರ್ಥಿ ಕಾಫಿಯಿಲ್ಲದೆ ಪುಸ್ತಕ ತೆರೆಯುವುದಿಲ್ಲ. ಖಾರವನ್ನು ಕುರಿತೂ ಇದೇ ಮಾತು: ಮಗುವಾಗಿದ್ದಾಗ ಅಳಿಸಿದ ಮೆಣಸಿನಕಾಯಿಯನ್ನೇ ದೊಡ್ಡವರಾದ ಮೇಲೆ ಕೇಳಿ ಹಾಕಿಸಿಕೊಳ್ಳುತ್ತೇವೆ. ಇಷ್ಟಾನಿಷ್ಟಗಳು ಬದಲಾಗಲಾರವೆಂಬ ವಾದ ಇಲ್ಲಿಗೆ ಬಿದ್ದುಹೋಗುತ್ತದೆ.

ಕಾಫಿ ನಮ್ಮನ್ನು ಗೆದ್ದುದು ಹೇಗೆ? ಮೊದಲು ಹಾಲು ಸಕ್ಕರೆಗಳ ನೆರವಿನಿಂದ ಕಹಿ ಮೆತ್ತಗಾಯಿತು. ಎರಡನೆಯದಾಗಿ, ಅದು ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಬಂತು. ಮೂರನೆಯದಾಗಿ, ಕುಡಿದ ಮೇಲೆ ಕೆಫೀನಿನಿಂದ ಚುರುಕು ದೊರೆಯಿತು. ನಾಲ್ಕನೆಯದಾಗಿ, ಅದನ್ನು ಪ್ರೀತಿಯ ಜನರ ನಡುವೆ ಕುಳಿತು ಕುಡಿದೆವು. ಮೃದುಗೊಳಿಸುವುದು, ಮರಳಿ ಮರಳಿ ಸವಿಯುವುದು, ಹಿತವಾದ ಫಲ, ಹಿತವಾದ ಸಂದರ್ಭ: ಈ ನಾಲ್ಕೇ ನಾಲಗೆಯ ಶಿಕ್ಷಣದ ಸೂತ್ರಗಳು. ಯುಗಾದಿಯ ಬೇವುಬೆಲ್ಲದಲ್ಲಿ ಕಹಿಗೆ ಜೊತೆ ಕೊಟ್ಟು, ಹಬ್ಬದ ಸಂತೋಷದ ನಡುವೆ ಬಾಯಿಗೆ ಹಾಕುವುದರಲ್ಲಿಯೂ ಇವುಗಳ ಛಾಯೆಯನ್ನು ಕಾಣಬಹುದು.

ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಅಮೆರಿಕದ ಮನೋವಿಜ್ಞಾನಿ ಲೀಆನ್ ಬರ್ಚ್ ಸಹೋದ್ಯೋಗಿಯೊಡನೆ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಮಕ್ಕಳಿಗೆ ಪರಿಚಯವಿಲ್ಲದ ತಿನಿಸುಗಳನ್ನು ಕೆಲವನ್ನು ಎರಡು ಸಲ, ಕೆಲವನ್ನು ಐದು ಸಲ, ಹೀಗೆ ಗರಿಷ್ಠ ಇಪ್ಪತ್ತು ಸಲದವರೆಗೆ ರುಚಿ ತೋರಿಸಲಾಯಿತು. ರುಚಿ ನೋಡಿದ ಸಲಗಳು ಹೆಚ್ಚಿದಷ್ಟೂ ಆ ತಿನಿಸಿನ ಮೇಲಿನ ಇಷ್ಟವೂ ಹೆಚ್ಚಿತು. 2001ರಲ್ಲಿ ಜೂಲಿ ಮೆನೆಲ್ಲಾ ಮತ್ತು ಸಂಗಡಿಗರು ತೋರಿಸಿದಂತೆ, ಗರ್ಭಿಣಿಯಾಗಿದ್ದಾಗ ಇಲ್ಲವೆ ಮೊಲೆಯೂಡಿಸುವಾಗ ಕ್ಯಾರೆಟ್ಟಿನ ರಸವನ್ನು ಕುಡಿದ ತಾಯಂದಿರ ಮಕ್ಕಳು, ಕ್ಯಾರೆಟ್ ಬೆರೆಸಿದ ಅಂಬಲಿಯನ್ನು ಮುಂದೆ ಹೆಚ್ಚು ಹಿತವಾಗಿ ಸ್ವೀಕರಿಸಿದರು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಮೊದಲನೆಯದು, ನೋಡಿದರೆ ಸಾಲದು, ಬಾಯಲ್ಲಿಟ್ಟು ಅಗಿಯಬೇಕು. ಎರಡನೆಯದು, ಬಲವಂತ ಕೂಡದು. ಬೈದು ತಿನ್ನಿಸಿದ ತರಕಾರಿಯೊಡನೆ ಬೈಗುಳದ ನೆನಪೂ ಅಂಟಿಕೊಂಡು ದ್ವೇಷವೇ ಬೆಳೆಯುತ್ತದೆ. ಅನೇಕರು ಒಂದು ತರಕಾರಿಯನ್ನು ಎರಡು ಮೂರು ಸಲ ತಿಂದು ಕೈಬಿಡುತ್ತಾರೆ. ಕಲಿಕೆಗೆ ಬೇಕಾದುದು ಹತ್ತು ಹದಿನೈದು ಸಲ. ಮೂರನೆಯ ಪಾಠಕ್ಕೇ ಗಣಿತವನ್ನು ಬಿಟ್ಟವನು ತನಗೆ ಗಣಿತ ಬಾರದೆಂದು ತೀರ್ಮಾನಿಸಿದಂತೆ ಇದು.

ವೆಬರನ ನಿಯಮ

ಆಹಾರವನ್ನು ಬದಲಾಯಿಸುವವರು ಮಾಡುವ ಇನ್ನೊಂದು ತಪ್ಪೆಂದರೆ ಎಲ್ಲವನ್ನೂ ಒಂದೇ ದಿನ ಬದಲಾಯಿಸುವುದು. ಈ ತಪ್ಪನ್ನು ತಿದ್ದಲು ಹಳೆಯ ನಿಯಮವೊಂದು ಸಹಾಯ ಮಾಡುತ್ತದೆ. ಜರ್ಮನಿಯ ಅರ್ನ್ಸ್ಟ್ ವೆಬರ್ 1834ರಲ್ಲಿ, ಕೈಯಲ್ಲಿ ಹಿಡಿದ ಭಾರಗಳ ವ್ಯತ್ಯಾಸವನ್ನು ನಾವು ಹೇಗೆ ಗುರುತಿಸುತ್ತೇವೆಂಬುದನ್ನು ವಿವರಿಸಿದನು. ಮುಷ್ಟಿಯಲ್ಲಿ ಹಗುರವಾದ ಭಾರವಿದ್ದರೆ ಅಲ್ಪ ಹೆಚ್ಚಳವೂ ಗೊತ್ತಾಗುತ್ತದೆ. ಭಾರ ದೊಡ್ಡದಾಗಿದ್ದರೆ ಹೆಚ್ಚಳವೂ ಅದೇ ಪ್ರಮಾಣದಲ್ಲಿ ದೊಡ್ಡದಾಗಬೇಕು. ಎಂದರೆ, ನಮ್ಮ ಅರಿವಿಗೆ ಬರುವುದು ವ್ಯತ್ಯಾಸವಲ್ಲ, ವ್ಯತ್ಯಾಸದ ಪ್ರಮಾಣ. ಗುಸ್ಟಾವ್ ಫೆಕ್ನರ್ ಎಂಬ ಭೌತವಿಜ್ಞಾನಿ 1860ರಲ್ಲಿ ಇದಕ್ಕೆ ಗಣಿತದ ರೂಪವನ್ನು ಕೊಟ್ಟನು. ರುಚಿಗೂ ಈ ನಿಯಮ ಸ್ಥೂಲವಾಗಿ ಅನ್ವಯಿಸುತ್ತದೆ.

ಈಗ ಲೆಕ್ಕವೊಂದನ್ನು ಮಾಡೋಣ. ಕಾಫಿಗೆ ಹಾಕುವ ಸಕ್ಕರೆಯನ್ನು ಒಂದೇ ದಿನ ಅರ್ಧ ಮಾಡಿದರೆ ಯಾರಿಗಾದರೂ ಗೊತ್ತಾಗುತ್ತದೆ, ಕುಡಿಯುವುದೇ ಬೇಡವೆನಿಸುತ್ತದೆ. ಅದರ ಬದಲು ವಾರಕ್ಕೆ ನೂರರಲ್ಲಿ ಐದರಂತೆ ಇಳಿಸೋಣ. ಮೊದಲ ವಾರ 100 ಇದ್ದದ್ದು 95 ಆಗುತ್ತದೆ. ಮರುವಾರ 95ರ ನೂರರಲ್ಲಿ ಐದು ಭಾಗ ಕಡಿಮೆಯಾಗಿ ಸುಮಾರು 90. ಹೀಗೆಯೇ ಹತ್ತು ವಾರ ಕಳೆದಾಗ 0.95ನ್ನು ಹತ್ತು ಸಲ ಗುಣಿಸಿದಷ್ಟು, ಎಂದರೆ ಸುಮಾರು 60 ಭಾಗ ಉಳಿಯುತ್ತದೆ. ಯಾವ ವಾರದಲ್ಲಿಯೂ ಎದ್ದು ಕಾಣುವ ಬದಲಾವಣೆಯಾಗಲಿಲ್ಲ. ಆದರೂ ನೂರಕ್ಕೆ ನಲವತ್ತರಷ್ಟು ಸಕ್ಕರೆ ಹೋಯಿತು.

ಇನ್ನೂ ಸ್ವಾರಸ್ಯವಾದ ಸಂಗತಿಯಿದೆ: ಈ ಅವಧಿಯಲ್ಲಿ ನಾಲಗೆಯ ಅಳತೆಗೋಲೇ ಬದಲಾಗುತ್ತದೆ. 1982ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಐದು ತಿಂಗಳು ಕಡಿಮೆ ಉಪ್ಪಿನ ಆಹಾರವನ್ನು ಸೇವಿಸಿದವರಿಗೆ, ಮೊದಲು ಹಿತವೆನಿಸಿದ್ದಕ್ಕಿಂತ ಕಡಿಮೆ ಉಪ್ಪೇ ಹಿತವೆನಿಸತೊಡಗಿತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕರಿದ ತಿಂಡಿಗಳ ಉಪ್ಪುಖಾರಕ್ಕೆ ಒಗ್ಗಿದ ನಾಲಗೆಗೆ ಹುರುಳಿಕಾಯಿಯ ಪಲ್ಯ ಸಪ್ಪೆಯೆನಿಸುವುದು ಸಹಜ. ಉಪ್ಪು ಸಕ್ಕರೆಗಳ ಆರ್ಭಟ ಇಳಿದ ಮೇಲೆ ಕ್ಯಾರೆಟ್ಟಿನ ಸಿಹಿ, ಎಳೆ ಬಟಾಣಿಯ ಸವಿ ಮೆಲ್ಲನೆ ಕೇಳಿಸತೊಡಗುತ್ತವೆ.

ಒಲೆಯ ಬಳಿಯ ಭೌತವಿಜ್ಞಾನ

ಎಷ್ಟೋ ವೇಳೆ ನಾವು ದ್ವೇಷಿಸುವುದು ತರಕಾರಿಯನ್ನಲ್ಲ, ಅದನ್ನು ಕೆಡಿಸಿ ಬೇಯಿಸಿದ ಕ್ರಮವನ್ನು. ಇಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನಗಳು ಅಡುಗೆಗೆ ನೆರವಾಗುತ್ತವೆ.

ಹಾಗಲಕಾಯಿಯನ್ನು ಹೆಚ್ಚಿ ಉಪ್ಪು ಸವರಿ ಅರ್ಧ ಗಂಟೆ ಬಿಟ್ಟರೆ ಪಾತ್ರೆಯಲ್ಲಿ ನೀರು ನಿಲ್ಲುತ್ತದೆ. ಹೊರಗಿನ ಉಪ್ಪಿನ ದ್ರಾವಣವು ಕೋಶಗಳ ಒಳಗಿನ ರಸಕ್ಕಿಂತ ಸಾಂದ್ರವಾದುದರಿಂದ, ಕೋಶಪೊರೆಯ ಮೂಲಕ ನೀರು ಹೊರಕ್ಕೆ ಹರಿಯುತ್ತದೆ. ಇದೇ ಅಭಿಸರಣ. ಹೆಚ್ಚಿದಾಗ ಒಡೆದ ಕೋಶಗಳ ಕಹಿರಸವೂ ಸ್ವಲ್ಪಮಟ್ಟಿಗೆ ಈ ನೀರಿನೊಡನೆ ಹೋಗುತ್ತದೆ. ಹಿಂಡಿ, ತೊಳೆದರೆ ಉಪ್ಪೂ ಕಳೆಯುತ್ತದೆ. ಉಳಿದ ಅಲ್ಪ ಉಪ್ಪು ಇನ್ನೊಂದು ಕೆಲಸವನ್ನು ಮಾಡುತ್ತದೆ: ಸೋಡಿಯಮ್ ಅಯಾನುಗಳು ಕಹಿಯ ಅರಿವನ್ನೇ ತಗ್ಗಿಸುತ್ತವೆಂದು 1997ರಲ್ಲಿ ಬ್ರೆಸ್ಲಿನ್ ಮತ್ತು ಬೋಷಾಂ ತೋರಿಸಿದರು. ಗೊಜ್ಜಿನಲ್ಲಿ ಬೆಲ್ಲ ಹುಣಿಸೆಗಳು ಸೇರಿದಾಗ ರುಚಿಗಳು ಪರಸ್ಪರ ತಗ್ಗಿಸಿಕೊಂಡು ಕಹಿ ಹದಕ್ಕೆ ಬರುತ್ತದೆ. ಕಾಫಿಗೆ ಹಾಲು ಸಕ್ಕರೆ ಮಾಡಿದ ಉಪಕಾರವನ್ನು ಹಾಗಲಕ್ಕೆ ಗೊಜ್ಜು ಮಾಡುತ್ತದೆ. ಅಭ್ಯಾಸವಾದಂತೆ ಬೆಲ್ಲವನ್ನು ವೆಬರನ ಲೆಕ್ಕದಂತೆ ಇಳಿಸಬಹುದು.

ಬೆಂಡೆಯ ಲೋಳೆಯು ನೀರನ್ನು ಹೀರಿ ಉಬ್ಬುವ ಉದ್ದನೆಯ ಅಣುಗಳಿಂದಾದುದು. ಆದುದರಿಂದ ಬೆಂಡೆಯನ್ನು ಮೊದಲು ತೊಳೆದು, ಒರೆಸಿ ಒಣಗಿಸಿ, ಆಮೇಲೆ ಹೆಚ್ಚಬೇಕು. ಅಗಲವಾದ ಬಾಣಲೆಯಲ್ಲಿ, ಮುಚ್ಚಳವಿಲ್ಲದೆ ಹುರಿಯಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಗುಪ್ತೋಷ್ಣ ಬೇಕು. ನೀರಿರುವವರೆಗೆ ಶಾಖವೆಲ್ಲ ಈ ಕೆಲಸಕ್ಕೇ ವ್ಯಯವಾಗಿ ಹೋಳುಗಳ ಉಷ್ಣತೆ 100 ಡಿಗ್ರಿ ಸೆಂಟಿಗ್ರೇಡಿನ ಸುತ್ತಲೇ ನಿಲ್ಲುತ್ತದೆ. ಮೇಲ್ಮೈ ಒಣಗಿ ಉಷ್ಣತೆ 140 ಡಿಗ್ರಿಯ ಆಚೆಗೆ ಏರಿದಾಗ ಸಕ್ಕರೆಗಳೂ ಅಮೈನೊ ಆಮ್ಲಗಳೂ ಚುರುಕಾಗಿ ಕೂಡಿ ಕೆಂಬಣ್ಣವನ್ನೂ ಹೊಸ ಪರಿಮಳವನ್ನೂ ಕೊಡುತ್ತವೆ. ಫ್ರಾನ್ಸಿನ ಮಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಬಾಣಲೆಯಲ್ಲಿ ಹೋಳುಗಳನ್ನು ಒತ್ತೊತ್ತಾಗಿ ತುಂಬಿದರೆ ಆವಿ ಹೊರಹೋಗಲಾರದೆ ಪಲ್ಯ ಹುರಿಯುವ ಬದಲು ಬೇಯುತ್ತದೆ, ಲೋಳೆಯೂ ಉಳಿಯುತ್ತದೆ.

ಎಲೆಕೋಸನ್ನು ಹೆಚ್ಚು ಹೊತ್ತು ಬೇಯಿಸಿದಷ್ಟೂ ಗಂಧಕದ ಸಂಯುಕ್ತಗಳು ಹೊರಬಿದ್ದು ದುರ್ವಾಸನೆ ಬಲಿಯುತ್ತದೆ. ಇದಕ್ಕೆ ಪರಿಹಾರ ಸುಲಭ: ತೆಳ್ಳಗೆ ಹೆಚ್ಚಿ ಬೇಗ ಇಳಿಸುವುದು. ಹೋಳಿನ ನಡುವಿನವರೆಗೆ ಶಾಖ ತಲಪಲು ಬೇಕಾಗುವ ಕಾಲವು ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ; ದಪ್ಪವನ್ನು ಅರ್ಧ ಮಾಡಿದರೆ ಕಾಲ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ.

ಸೊಪ್ಪು ಬೇಯುವಾಗ ಕೋಶಗಳು ಒಡೆದು ಹೊರಬರುವ ಆಮ್ಲಗಳು ಪತ್ರಹರಿತ್ತಿನ ಅಣುವಿನಲ್ಲಿರುವ ಮೆಗ್ನೀಸಿಯಮ್ಮನ್ನು ಹೊರದೂಡುತ್ತವೆ. ಹಸಿರು ಹೋಗಿ ಕಂದು ಬರುತ್ತದೆ. ಮೊದಲ ಕೆಲವು ನಿಮಿಷ ಮುಚ್ಚಳ ತೆರೆದಿಟ್ಟರೆ ಆವಿಯಾಗುವ ಆಮ್ಲಗಳು ಹಾರಿಹೋಗುತ್ತವೆ. ಹುಣಿಸೆಯ ಹುಳಿಯನ್ನು ಕೊನೆಯಲ್ಲಿ ಹಾಕುವುದು ಲೇಸು. ಬೇಯಿಸಿದ ನೀರಿಗೆ ಸಿ ಜೀವಸತ್ತ್ವವೂ ಲವಣಗಳೂ ಕರಗಿ ಬರುವುದರಿಂದ ಆ ನೀರನ್ನು ಚೆಲ್ಲಬಾರದು. ಮಂಡ್ಯ, ಮೈಸೂರು, ಹಾಸನದ ಕಡೆಯ ಬಸ್ಸಾರು ಈ ದೃಷ್ಟಿಯಿಂದ ಜಾಣತನದ ಅಡುಗೆ: ಸೊಪ್ಪು ಕಾಳುಗಳನ್ನು ಬೇಯಿಸಿ ಬಸಿದ ನೀರು ಸಾರಾಗುತ್ತದೆ, ಬಸಿದ ಸೊಪ್ಪುಕಾಳು ಪಲ್ಯವಾಗುತ್ತದೆ. ಒಗ್ಗರಣೆಯ ಎಣ್ಣೆಗೂ ಕೆಲಸವಿದೆ. ಬೆಳ್ಳುಳ್ಳಿ, ಕರಿಬೇವುಗಳ ಪರಿಮಳದ ಅಣುಗಳು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗಿ ಸೊಪ್ಪಿನ ಮೇಲೆಲ್ಲ ಹರಡುತ್ತವೆ. ಸೊಪ್ಪಿನ ಕ್ಯಾರೊಟೀನು ರಕ್ತಗತವಾಗಲೂ ಕೊಂಚ ಎಣ್ಣೆ ಬೇಕು. ಇದಲ್ಲದೆ, ಶಕ್ತಿ ಕೊಡುವ ಆಹಾರದ ಜೊತೆಗೆ ಬಂದ ರುಚಿಯನ್ನು ಮಿದುಳು ಬೇಗ ಮೆಚ್ಚುತ್ತದೆ. ಸೊಪ್ಪಿಗೆ ತೊಗರಿಬೇಳೆಯನ್ನೋ ಕಾಯಿತುರಿಯನ್ನೋ ಸೇರಿಸುವ ನಮ್ಮ ಪದ್ಧತಿಯಲ್ಲಿ ಈ ಲಾಭವೂ ಅಡಗಿದೆ.

ಒಂದು ಪ್ರಯೋಗ

ವಿದ್ಯಾರ್ಥಿಗಳು ತಮ್ಮ ಮೇಲೆಯೇ ಮಾಡಬಹುದಾದ ಪ್ರಯೋಗವೊಂದನ್ನು ಸೂಚಿಸುತ್ತೇನೆ. ಇಷ್ಟವಿಲ್ಲದ ಒಂದು ತರಕಾರಿಯನ್ನು ಆರಿಸಿಕೊಳ್ಳಿ, ಒಂದು ಮಾತ್ರ. ಎರಡು ತಿಂಗಳ ಕಾಲ ವಾರಕ್ಕೆ ಎರಡು ದಿನ, ಚೆನ್ನಾಗಿ ಹಸಿದಿರುವಾಗ, ಊಟದ ಮೊದಲಲ್ಲಿಯೇ ಎರಡು ಚಮಚ ತಿನ್ನಿ. ಹಸಿವೂ ಒಂದು ವ್ಯಂಜನವೇ. ಹೊಟ್ಟೆ ತುಂಬಿದ ಮೇಲೆ ಉಳಿದ ಪಲ್ಯದ ರುಚಿಯನ್ನು ನಿರ್ಣಯಿಸುವುದು ನ್ಯಾಯವಲ್ಲ. ಪ್ರತಿ ಸಲವೂ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕವನ್ನು ಕೊಟ್ಟು ದಿನಾಂಕದೊಡನೆ ಬರೆದಿಡಿ. ಅಡುಗೆಯ ಕ್ರಮವನ್ನು ಆಗಾಗ ಬದಲಾಯಿಸಿದರೆ ಯಾವುದರಿಂದ ಯಾವ ಫಲವೆಂದು ತಿಳಿಯದು. ಆದುದರಿಂದ ಮೊದಲ ತಿಂಗಳು ಒಂದು ಕ್ರಮ, ಮರುತಿಂಗಳು ಇನ್ನೊಂದು. ಕೊನೆಯಲ್ಲಿ ಅಂಕಗಳನ್ನು ನಕ್ಷಾಕಾಗದದ ಮೇಲೆ ಗುರುತಿಸಿ. ರೇಖೆ ನೇರವಾಗಿ ಏರದೆ ಇರಬಹುದು. ಒಂದೊಂದು ದಿನ ಕೆಳಗೂ ಇಳಿದೀತು. ನೋಡಬೇಕಾದುದು ಅದರ ಒಟ್ಟು ಒಲವನ್ನು. ಹದಿನೈದು ಸಲವಾದ ಮೇಲೆಯೂ ಅಂಕ ಏರದಿದ್ದರೆ ಆ ತರಕಾರಿಯನ್ನು ಬಿಟ್ಟು ಬೇರೊಂದನ್ನು ಹಿಡಿಯಿರಿ. ನಮ್ಮ ಸಂತೆಗಳಲ್ಲಿ ಸೊಪ್ಪು ತರಕಾರಿಗಳಿಗೆ ಬರವಿಲ್ಲ.

ಕಹಿಯನ್ನು ಒಪ್ಪಿಕೊಳ್ಳಬೇಕೆಂದು ಹೇಳುವಾಗ ಒಂದು ಮಾತನ್ನು ಮರೆಯಬಾರದು. ಹಾಗಲ, ಮೆಂತ್ಯಗಳ ಕಹಿ ಅವುಗಳ ಸ್ವಭಾವ. ಸೋರೆಕಾಯಿ, ಸೌತೆಕಾಯಿಗಳು ಕಹಿಯಾಗಿದ್ದರೆ ಅದು ಕುಕುರ್ಬಿಟಾಸಿನ್ ಎಂಬ ವಿಷದ ಸೂಚನೆ. ಅವನ್ನು ಕೂಡಲೆ ಉಗುಳಿ ಎಸೆಯಬೇಕು. ಕಹಿ ಸೋರೆಕಾಯಿಯ ರಸದಿಂದ ಪ್ರಾಣಹಾನಿಯಾದ ಪ್ರಸಂಗಗಳು ನಮ್ಮ ದೇಶದಲ್ಲಿ ನಡೆದಿವೆ. ತಿಂದಾಗ ತುರಿಕೆ, ಊತಗಳನ್ನು ತರುವ ಆಹಾರವೂ ಈ ಅಭ್ಯಾಸಕ್ಕೆ ತಕ್ಕುದಲ್ಲ. ಕಾಯಿಲೆಗೆ ಔಷಧ ಸೇವಿಸುತ್ತಿರುವವರು ಆಹಾರವನ್ನು ಬದಲಾಯಿಸುವ ಮೊದಲು ವೈದ್ಯರನ್ನು ಕೇಳಬೇಕು.

ನಾಲಗೆ ಹುಟ್ಟಿನಿಂದ ಒಂದಿಷ್ಟು ಭಯಗಳನ್ನು ತರುತ್ತದೆ, ಉಳಿದುದನ್ನೆಲ್ಲ ಕಲಿಯುತ್ತದೆ. ನಾವು ಕಲಿಸದಿದ್ದರೆ ಅಂಗಡಿಯ ಪೊಟ್ಟಣಗಳು ಕಲಿಸುತ್ತವೆ; ಆ ಪಾಠ ನಡೆದೇ ಇರುತ್ತದೆ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಬೆಳೆಸಿಕೊಂಡ ರುಚಿ ಐವತ್ತು ವರ್ಷ ಜೊತೆಗಿರಬಲ್ಲುದು. ಅದಕ್ಕೆ ತಗಲುವ ವೆಚ್ಚವಾದರೋ ವಾರಕ್ಕೆ ನಾಲ್ಕು ಚಮಚ ಪಲ್ಯ, ಸ್ವಲ್ಪ ತಾಳ್ಮೆ.